‘ಥ್ಯಾಂಕ್ಯೂ’ ಆದ ಮೇಲಿನ ಮಾತು: ನನ್ನ ಅನುಭವ

ಮನೆಯವರಿಗೋ ಗೆಳೆಯರಿಗೋ ನಾವು ‘ಧನ್ಯವಾದ’ ಅನ್ನುವುದು ಕಡಿಮೆ. ಅದು ವಂದನಾರ್ಪಣೆಯ ಮಾತು. ‘ಬಹಳ ಉಪಕಾರ ಆಯ್ತು’, ‘ನೀವಿದ್ರಿ, ಕೆಲಸ ಆಯ್ತು’ ಅನ್ನುತ್ತೇವೆ, ಇಲ್ಲವೇ ನಕ್ಕು ಸುಮ್ಮನಾಗುತ್ತೇವೆ. ಇಂಗ್ಲಿಷಿನಲ್ಲಿ ಮಾತಾಡುವಾಗ ಈ ರೂಢಿ ತೊಡಕಾಗುತ್ತದೆ. ಮನಸ್ಸು ತುಂಬಿದ್ದರೂ ಬಾಯಿಂದ ಬರುವುದು ಬರೀ ‘ಥ್ಯಾಂಕ್ಯೂ’. ಅದಕ್ಕೆ ನಾನು ಮೂರು ತುಂಡಿನ ಕ್ರಮ ರೂಢಿಸಿಕೊಂಡಿದ್ದೇನೆ: ಥ್ಯಾಂಕ್ಸ್, ಯಾವುದಕ್ಕೆ, ಅದರಿಂದ ನನಗೇನಾಯಿತು. ಆಫೀಸಿನಲ್ಲಿ ಯಾರಾದರೂ ಎಕ್ಸೆಲ್ ಶೀಟ್ ಸರಿಮಾಡಿಕೊಟ್ಟರೆ, ‘ಥ್ಯಾಂಕ್ಸ್ ಫಾರ್ ಫಿಕ್ಸಿಂಗ್ ದ ಶೀಟ್. ಯೂ ಸೇವ್ಡ್ ಮಿ ಆ್ಯನ್ ಅವರ್.’ ಮೂರನೆಯ ತುಂಡು ನಮ್ಮ ‘ಕೆಲಸ ಆಯ್ತು’ ಇದ್ದ ಹಾಗೆ. ಮಾತಿಗೆ ಜೀವ ಬರುವುದು ಅದರಿಂದಲೇ.

ಹೆಚ್ಚು ಜನ ಎಡವುವುದು ಎರಡನೆಯ ತುಂಡಿನಲ್ಲಿ. ‘ಥ್ಯಾಂಕ್ಸ್ ಫಾರ್ ಹೆಲ್ಪ್ ಮಿ’, ‘ಥ್ಯಾಂಕ್ಸ್ ಟು ಹೆಲ್ಪ್ ಮಿ’ ಎರಡೂ ತಪ್ಪು. ‘ಫಾರ್’ ಆದ ಮೇಲೆ ನಾಮಪದ ಬರಬೇಕು, ಇಲ್ಲವೇ ಕ್ರಿಯಾಪದಕ್ಕೆ ‘ಇಂಗ್’ ಸೇರಬೇಕು: ‘ಫಾರ್ ಯುವರ್ ಹೆಲ್ಪ್’, ‘ಫಾರ್ ಹೆಲ್ಪಿಂಗ್ ಮಿ’. ಇದನ್ನು ಕನ್ನಡದ ‘-ದ್ದಕ್ಕೆ’ ಜೊತೆ ಜೋಡಿಸಿಕೊಂಡರೆ ಸುಲಭ. ಬಂದದ್ದಕ್ಕೆ: ಫಾರ್ ಕಮಿಂಗ್. ಕಾದದ್ದಕ್ಕೆ: ಫಾರ್ ವೇಟಿಂಗ್. ತಿಳಿಸಿದ್ದಕ್ಕೆ: ಫಾರ್ ಲೆಟಿಂಗ್ ಮಿ ನೋ. ನಮ್ಮ ದಿನಚರಿಗೆ ಬೇಕಾದ ಹತ್ತು ಜೋಡಿ ಬರೆದು, ಒಂದು ವಾರ ದಿನಾ ಐದು ನಿಮಿಷ ಗಟ್ಟಿಯಾಗಿ ಹೇಳಿದರೆ ಬಾಯಿಗೆ ಕೂರುತ್ತದೆ. ಕಣ್ಣಲ್ಲೇ ಓದಿಕೊಂಡರೆ ಕೂರುವುದಿಲ್ಲ.

‘ಥ್ಯಾಂಕ್ಸ್ ಯೂ’ ಅನ್ನಬಾರದು. ‘ಥ್ಯಾಂಕ್ ಯೂ’ ಅನ್ನಿ, ಇಲ್ಲವೇ ‘ಥ್ಯಾಂಕ್ಸ್’ ಅನ್ನಿ. ‘ಥ್ಯಾಂಕ್ಸ್ ಟು ಯೂ’ ಅಂದರೆ ‘ನಿಮ್ಮ ದೆಸೆಯಿಂದ’ ಎಂದರ್ಥ. ಕೆಲಸ ಕೆಟ್ಟಾಗ ಅಂದರೆ ಅದು ದೂರು. ‘ಐ ಅಪ್ರಿಷಿಯೇಟ್ ಇಟ್’ನಲ್ಲಿ ‘ಇಟ್’ ಬಿಡುವ ಹಾಗಿಲ್ಲ. ಕನ್ನಡದಲ್ಲಿ ‘ಅದನ್ನು’ ಬಿಟ್ಟರೂ ವಾಕ್ಯ ನಿಲ್ಲುತ್ತದೆ, ಹಾಗಾಗಿ ನಾವು ಬಿಟ್ಟುಬಿಡುತ್ತೇವೆ. ಅದೇ ಮಾತು ‘ಐ ವುಡ್ ಅಪ್ರಿಷಿಯೇಟ್ ಇಟ್ ಇಫ್’ ಎಂದು ಶುರುವಾದರೆ ಥ್ಯಾಂಕ್ಸ್ ಅಲ್ಲ, ಕೋರಿಕೆ.

ಉಚ್ಚಾರಕ್ಕೆ ಸ್ವಲ್ಪ ಹೊತ್ತು ಕೊಡಲೇಬೇಕು. ನಮ್ಮ ‘ಥ’ದಲ್ಲಿ ನಾಲಿಗೆ ಹಲ್ಲಿಗೆ ಒತ್ತಿ ಉಸಿರನ್ನು ತಡೆದು ಬಿಡುತ್ತದೆ. ಇಂಗ್ಲಿಷಿನದರಲ್ಲಿ ನಾಲಿಗೆಯ ತುದಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಸಡಿಲವಾಗಿ ಕೂತು ಗಾಳಿ ಸೋರುತ್ತಿರಬೇಕು. ಪರೀಕ್ಷೆ ಇಷ್ಟೆ: ಆ ಸದ್ದನ್ನು ಎರಡು ಸೆಕೆಂಡ್ ಎಳೆದು ನೋಡಿ. ಎಳೆಯಲು ಬಂದರೆ ಸರಿ, ಬರದಿದ್ದರೆ ಅದು ಇನ್ನೂ ‘ಥ’ವೇ. ನಮ್ಮ ‘ಥ’ ಆದರೂ ಅರ್ಥವಾಗುತ್ತದೆ. ‘ಟ’ ಆದರೆ ಮಾತ್ರ ‘ಥ್ಯಾಂಕ್’ ಹೋಗಿ ನೀರಿನ ಟ್ಯಾಂಕ್ ಆಗುತ್ತದೆ. ದನಿಯ ಏರಿಳಿತವನ್ನೂ ಗಮನಿಸಿ. ‘ಥ್ಯಾಂಕ್ಸ್ ಅ ಲಾಟ್’ ಅನ್ನುವುದನ್ನು ಸಪ್ಪೆಯಾಗಿ ಎಳೆದು ಹೇಳಿದರೆ ಕುಟುಕಿದ ಹಾಗೆ ಕೇಳುತ್ತದೆ.

ಸಹಾಯದ ತೂಕಕ್ಕೆ ಮಾತಿನ ತೂಕ ಹೊಂದಬೇಕು. ಬಾಗಿಲು ಹಿಡಿದು ನಿಂತವರಿಗೆ ‘ಥ್ಯಾಂಕ್ಸ್’ ಸಾಕು, ಬ್ರಿಟನ್ನಿನಲ್ಲಾದರೆ ‘ಚಿಯರ್ಸ್’ ಕೂಡ ನಡೆಯುತ್ತದೆ. ಅಲ್ಲಿ ಎಷ್ಟೋ ಊರುಗಳಲ್ಲಿ ಬಸ್ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವ ವಾಡಿಕೆಯಿದೆ. ರಾತ್ರಿ ಆಸ್ಪತ್ರೆಗೆ ಕಾರಿನಲ್ಲಿ ಬಿಟ್ಟುಬಂದ ಪಕ್ಕದ ಮನೆಯವರಿಗೆ ‘ಥ್ಯಾಂಕ್ಸ್’ ಸಾಲದು. ‘ಇಟ್ ವಾಸ್ ಸೋ ಕೈಂಡ್ ಆಫ್ ಯೂ ಟು ಡ್ರೈವ್ ಅಸ್’ ಅನ್ನಬೇಕು. ‘ಐ ಓ ಯೂ ಒನ್’ (ನಿಮ್ಮದೊಂದು ಋಣ ನನ್ನ ಮೇಲಿದೆ) ಸಲಿಗೆಯ ಮಾತು, ಗೆಳೆಯರಿಗೆ ಮಾತ್ರ. ‘ಐ ಆ್ಯಮ್ ವೆರಿ ಮಚ್ ಥ್ಯಾಂಕ್‌ಫುಲ್ ಟು ಯೂ’ ಎಂದು ನಮ್ಮಲ್ಲಿ ಬಹಳ ಕೇಳುತ್ತೇವೆ. ವ್ಯಕ್ತಿಗೆ ಹೇಳುವಾಗ ‘ಗ್ರೇಟ್‌ಫುಲ್’ ಒಪ್ಪುತ್ತದೆ. ‘ಥ್ಯಾಂಕ್‌ಫುಲ್’ ಹೆಚ್ಚಾಗಿ ‘ಸದ್ಯ, ಪಾರಾದೆವು’ ಅನ್ನುವ ಸಮಾಧಾನಕ್ಕೆ.

ಕಾಫಿ ಬೇಕಾ ಎಂದು ಕೇಳಿದಾಗ ಬರೀ ‘ಥ್ಯಾಂಕ್ಯೂ’ ಅಂದರೆ ಬೇಕು ಎಂದೇ ತಿಳಿದು ಕಪ್ ತಂದಿಟ್ಟಾರು. ಬೇಡವಾದರೆ ‘ನೋ, ಥ್ಯಾಂಕ್ಸ್’ ಅನ್ನಿ. ಬೇಕಾದರೆ ‘ಯೆಸ್, ಪ್ಲೀಸ್.’

ಬೇರೆಯವರು ನಮಗೆ ಥ್ಯಾಂಕ್ಸ್ ಹೇಳಿದಾಗ ‘ಮೆನ್ಷನ್ ನಾಟ್’ ಅನ್ನುವುದನ್ನು ಬಿಡಲೇಬೇಕು. ಭಾರತದಿಂದ ಆಚೆ ಅದು ಅರ್ಥವಾಗದೆ ಕೇಳಿದವರು ತಡವರಿಸುತ್ತಾರೆ. ‘ಡೋಂಟ್ ಮೆನ್ಷನ್ ಇಟ್’ ಸರಿಯಾದ ರೂಪ. ‘ಯೂ ಆರ್ ವೆಲ್ಕಮ್’, ‘ಹ್ಯಾಪಿ ಟು ಹೆಲ್ಪ್’ ಎಲ್ಲೆಡೆ ಸಲ್ಲುತ್ತವೆ. ‘ನೋ ವರೀಸ್’ ಆಸ್ಟ್ರೇಲಿಯಾದವರಿಗೆ ನಿತ್ಯದ ಮಾತು.

ಇನ್ನೊಂದು ಕೆಲಸ ಉಳಿಯುತ್ತದೆ, ಹೆಚ್ಚಿನವರು ಮರೆಯುವುದು ಇದನ್ನೇ. ಸಹಾಯದ ಫಲ ಸಿಕ್ಕಮೇಲೆ ಮತ್ತೊಮ್ಮೆ ತಿಳಿಸುವುದು. ರೆಸ್ಯೂಮೆ ತಿದ್ದಿಕೊಟ್ಟವರಿಗೆ ಇಂಟರ್‌ವ್ಯೂ ಮುಗಿದ ಸಂಜೆಯೇ ನಾನು ಕಳಿಸುವ ಮೆಸೇಜ್: ‘ದ ಇಂಟರ್‌ವ್ಯೂ ವೆಂಟ್ ವೆಲ್. ಥ್ಯಾಂಕ್ಸ್ ಅಗೇನ್ ಫಾರ್ ಗೋಯಿಂಗ್ ಥ್ರೂ ಮೈ ರೆಸ್ಯೂಮೆ.’ ಎರಡೇ ಸಾಲು. ಕೆಳಗೆ ಹೊಸ ಕೋರಿಕೆ ಮಾತ್ರ ಸೇರಿಸಬಾರದು. ಅದನ್ನು ಇನ್ನೊಂದು ದಿನ ಕೇಳಿದರಾಯಿತು.