ಮರುಭೂಮಿಯ ಕುರುಚಲು ಗಿಡ ಬಿಸಿಲನ್ನು ಏನು ಮಾಡುತ್ತದೆ? ಅಳೆದು ನೋಡುವುದು ಹೀಗೆ

ಮೊದಲು ಮೊಬೈಲ್‌ನಲ್ಲಿ ಉಪಗ್ರಹ ನಕ್ಷೆ ತೆರೆಯಿರಿ. ಈಜಿಪ್ಟಿನ ಸಿನಾಯ್, ಇಸ್ರೇಲಿನ ನೆಗೆವ್ ಎರಡೂ ಕೂಡುವ ಗಡಿಗೆ ಹೋಗಿ. ಉತ್ತರ ಭಾಗದ ಮರಳು ದಿಬ್ಬಗಳನ್ನು ದೊಡ್ಡದು ಮಾಡಿ ನೋಡಿ. ಸಿನಾಯ್ ಕಡೆ ಬೆಳ್ಳಗಿದೆ, ನೆಗೆವ್ ಕಡೆ ಕಂದು. ಮರಳು ಒಂದೇ, ಮಳೆಯೂ ಒಂದೇ. 1906ರಲ್ಲಿ ಎಳೆದ ಗಡಿ ಆಕಾಶದಿಂದಲೂ ಕಾಣುತ್ತದೆ ಅಂದರೆ ಆಶ್ಚರ್ಯ ಅಲ್ವಾ?

ಸಿನಾಯ್ ಕಡೆ ಮೇಕೆ, ಕುರಿ ಮೇದಿವೆ, ಸೌದೆಗೆಂದು ಗಿಡ ಕಿತ್ತಿದ್ದಾರೆ. ನೆಗೆವ್ ಕಡೆ ಕುರುಚಲು ಉಳಿದುಕೊಂಡಿದೆ. ಆದರೆ ಗಿಡ ಎಣಿಸಿದರೆ ಲೆಕ್ಕ ಮುಗಿಯಲಿಲ್ಲ. ಗಿಡಗಳ ನಡುವೆ, ಮರಳಿನ ಮೇಲೆ, ಸೂಕ್ಷ್ಮಜೀವಿಗಳು ಕಟ್ಟಿದ ಕಂದು ಪೊರೆ ಇರುತ್ತದೆ. ದಪ್ಪ ಕೆಲವೇ ಮಿಲಿಮೀಟರ್. ಗೊರಸು ಬಿದ್ದರೆ ಪುಡಿಪುಡಿ. ನೆಗೆವ್ ಕಡೆಯ ಕಂದು ಬಣ್ಣದಲ್ಲಿ ದೊಡ್ಡ ಪಾಲು ಈ ಪೊರೆಯದೇ.

ಇನ್ನು ಅಳತೆ. ಬಿಸಿಲು ಅಳೆಯುವ ಪೈರಾನೋಮೀಟರ್ ಎಲ್ಲಾದರೂ ಸಿಕ್ಕರೆ, ಆಕಾಶಕ್ಕೆ ಮುಖ ಮಾಡಿ ಒಮ್ಮೆ, ನೆಲಕ್ಕೆ ಮುಖ ಮಾಡಿ ಒಮ್ಮೆ ಹಿಡಿಯಿರಿ. ನೆಲದ ಅಂಕಿಯನ್ನು ಆಕಾಶದ ಅಂಕಿಯಿಂದ ಭಾಗಿಸಿ. ಚದರ ಮೀಟರಿಗೆ 800 ವಾಟ್ ಬಂದು 320 ವಾಪಸ್ ಹೋದರೆ ಉತ್ತರ 0.4. ಬಿಳಿಯ ಒಣ ಮರಳು ಹೆಚ್ಚುಕಮ್ಮಿ ಇಷ್ಟೇ. ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಅಳೆಯುವ ಮೊಬೈಲಿನ ಲಕ್ಸ್ ಮೀಟರ್ ಸಾಲದು. ಹಸಿರೆಲೆ ಕಣ್ಣಿಗೆ ಕಾಣುವ ಬೆಳಕನ್ನು ಹೀರಿಕೊಂಡು, ಅದರಾಚೆಯ ಇನ್‌ಫ್ರಾರೆಡ್‌ನಲ್ಲಿ ಸುಮಾರು ಅರ್ಧವನ್ನು ವಾಪಸ್ ಎಸೆಯುತ್ತದೆ. ಆ ಅರ್ಧ ಲಕ್ಸ್ ಮೀಟರಿಗೆ ಕಾಣುವುದೇ ಇಲ್ಲ. ಮಧ್ಯಾಹ್ನ ಒಮ್ಮೆ ಅಳೆದು ಬಿಡಬೇಡಿ, ಬೆಳಗ್ಗೆಯೂ ಅಳೆಯಿರಿ. ಆಗ ಮೊಣಕಾಲೆತ್ತರದ ಗಿಡದ ನೆರಳೂ ಉದ್ದಕ್ಕೆ ಚಾಚಿರುತ್ತದೆ. ಗಿಡ ನಿಂತಿರುವುದು ಒಂದಿಷ್ಟು ಜಾಗದಲ್ಲಿ, ಕಪ್ಪಾಗಿಸುವುದು ಅದಕ್ಕಿಂತ ಎಷ್ಟೋ ಜಾಸ್ತಿ ಮರಳನ್ನು.

ಆಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ತೆಗೆದುಕೊಂಡು ಬರಿ ಮರಳು, ನೆರಳಿನ ಮರಳು, ಎಲೆ, ಮೂರಕ್ಕೂ ಹಿಡಿಯಿರಿ. ಬೇಸಿಗೆಯ ಮಧ್ಯಾಹ್ನ ಮರಳು 60 ಡಿಗ್ರಿ ದಾಟಬಹುದು. ಸಣ್ಣ ಎಲೆ ಮಾತ್ರ ಸುತ್ತಲಿನ ಗಾಳಿಯಷ್ಟೇ ಬಿಸಿ ಇರುತ್ತದೆ, ಇಲ್ಲವೇ ಸ್ವಲ್ಪ ಜಾಸ್ತಿ. ಅದರ ಬಿಸಿಯನ್ನು ಗಾಳಿ ಆಗಿಂದಾಗ ಹೊತ್ತೊಯ್ಯುತ್ತದೆ. ಒಂದು ಎಚ್ಚರ: ಒಣ ಮರಳು ಎಲೆಯಷ್ಟು ಚೆನ್ನಾಗಿ ಶಾಖ ಸೂಸುವುದಿಲ್ಲ. ಉಪಕರಣವನ್ನು ಅದಕ್ಕೆ ಹೊಂದಿಸದಿದ್ದರೆ, ಮರಳು ಇರುವುದಕ್ಕಿಂತ ತಂಪಾಗಿ ತೋರುತ್ತದೆ.

ಬೆಳ್ಳಗಿನ ನೆಲ ತಂಪು, ಕಪ್ಪು ನೆಲ ಬಿಸಿ ಎಂಬ ಲೆಕ್ಕ ತಪ್ಪುವುದು ಇಲ್ಲೇ. ನೆಗೆವ್‌ನ ಉತ್ತರ ಅಂಚಿನಲ್ಲಿ ಯತೀರ್ ಎಂಬ ಕಾಡಿದೆ. 1960ರ ದಶಕದಲ್ಲಿ ನೆಟ್ಟ ಅಲೆಪ್ಪೊ ಪೈನ್ ಮರಗಳು, ವರ್ಷಕ್ಕೆ ಸುಮಾರು 280 ಮಿಲಿಮೀಟರ್ ಮಳೆ. ಈ ಕಾಡು ವಾಪಸ್ ಕಳಿಸುವ ಬಿಸಿಲು ಸುತ್ತಲಿನ ಕುರುಚಲಿನ ಅರ್ಧದಷ್ಟೇ, ಅಂದರೆ ಹೀರುವುದು ಜಾಸ್ತಿ. ಆದರೂ ಮರಗಳ ಮೇಲ್ಮೈ ಸುತ್ತಲಿಗಿಂತ ಸರಾಸರಿ 5 ಡಿಗ್ರಿ ತಂಪು. ಬೆವರಿ ತಂಪಾಗೋಣ ಎಂದರೆ ಅಲ್ಲಿ ನೀರೆಲ್ಲಿ? ಏರುಪೇರಾದ ಮರದ ತಲೆಗಳು ಗಾಳಿಯನ್ನು ಕಲಕುತ್ತವೆ, ಶಾಖ ಗಾಳಿಗೆ ದಾಟಿಬಿಡುತ್ತದೆ.

ಹಾಗಾಗಿ ಮರದ ಮೇಲ್ಮೈ ತಂಪಾದ ಮಾತ್ರಕ್ಕೆ ಊರಿನ ಗಾಳಿಯೂ ತಂಪಾಯಿತು ಅನ್ನುವಂತಿಲ್ಲ. ಎರಡು ಮೀಟರ್ ಎತ್ತರದಲ್ಲಿ, ನೆರಳಿನಲ್ಲಿ, ಮಾಮೂಲಿ ಥರ್ಮಾಮೀಟರ್ ಒಂದನ್ನೂ ತೂಗುಹಾಕಿ. ಮೇಲ್ಮೈಯ ಅಂಕಿ, ಗಾಳಿಯ ಅಂಕಿ ಎರಡನ್ನೂ ಒಂದೇ ಹೊತ್ತಿಗೆ, ಪಕ್ಕಪಕ್ಕದಲ್ಲೇ ಬರೆದಿಡಿ.