ಮೈಗೆ ಕೂರುವ ಒಂದೇ ಪ್ಯಾಟರ್ನ್, ಅದರಿಂದ ಬೇಕಾದಷ್ಟು ಕುರ್ತಾ

ಚಿಕ್ಕಮಗಳೂರಿನಲ್ಲಿ ನನ್ನ ಹತ್ತಿರ ಹೊಲಿಗೆ ಕಲಿಯಲು ಬರುವವರು ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸಿ, "ಇದರ ಕಟಿಂಗ್ ಹೇಳಿಕೊಡಿ" ಅನ್ನುತ್ತಾರೆ. ಮಾರನೇ ವಾರ ಇನ್ನೊಂದು ಫೋಟೊ. ಪ್ರತಿ ಡಿಸೈನಿಗೂ ಬೇರೆ ಕಟಿಂಗ್ ಕಲಿಯುತ್ತಾ ಹೋದರೆ ಮುಗಿಯುವುದೇ ಇಲ್ಲ, ಅಲ್ವಾ? ನಿಮ್ಮ ಮೈಗೆ ಸರಿಯಾಗಿ ಕೂರುವ ಒಂದು ಸಾದಾ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಕಾಗದದ ಮೇಲೆ ಬರೆದ ಅಳತೆಯ ನಕ್ಷೆ, ಇರಲಿ. ಮಿಕ್ಕ ಡಿಸೈನ್‌ಗಳನ್ನು ಅದರಿಂದಲೇ ತೆಗೆಯಬಹುದು.

ಆ ಪ್ಯಾಟರ್ನ್ ಹೇಗಿರಬೇಕು? ಮೊಣಕಾಲುದ್ದ, ಎರಡೂ ಪಕ್ಕದಲ್ಲಿ ಎದೆಯ ಕಡೆಗೆ ಒಂದೊಂದು ಟಕ್ಸ್ (ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹಾಕುವ ಹೊಲಿಗೆ), ಸಾದಾ ಕತ್ತು, ಸಾದಾ ತೋಳು. ಕಾಟನ್ ಕುರ್ತಾ ಆದರೆ ಎದೆ ಸುತ್ತಳತೆಗೆ 3ರಿಂದ 4 ಇಂಚು ಲೂಸ್ ಸೇರಿಸಿ. ನೆಟ್‌ನಿಂದ ಇಳಿಸಿಕೊಂಡ ಪ್ಯಾಟರ್ನ್ ಆದರೂ ಪರವಾಗಿಲ್ಲ. ಆದರೆ ಜೆರಾಕ್ಸ್ ಅಂಗಡಿಯಲ್ಲಿ 100 ಪರ್ಸೆಂಟ್ ಸೈಜಿನಲ್ಲೇ ಪ್ರಿಂಟ್ ತೆಗೆಯಿರಿ ಅಂತ ಬಾಯಿಬಿಟ್ಟು ಹೇಳಿ. ಹಾಳೆಗೆ ಹೊಂದಿಸಿ ತೆಗೆದರೆ ಅಳತೆ ಕುಗ್ಗುತ್ತದೆ. ಇಂಥ ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪರೀಕ್ಷೆಯ ಚೌಕ ಇರುತ್ತದೆ, ಅದನ್ನು ಟೇಪಿನಲ್ಲಿ ಅಳೆದು ನೋಡಿ. ಸೈಜ್ ಆರಿಸುವಾಗ ಶೋಲ್ಡರ್ ಮೊದಲು ನೋಡಿ. ಸೊಂಟ ಸಡಿಲ ಮಾಡುವುದು ಸುಲಭ, ಶೋಲ್ಡರ್ ತಿದ್ದುವುದು ಕಷ್ಟ.

ಈ ಮೂಲ ಪ್ಯಾಟರ್ನನ್ನು ದಪ್ಪ ಡ್ರಾಯಿಂಗ್ ಶೀಟಿನ ಮೇಲೆ, ಹೊಲಿಗೆ ಮಾರ್ಜಿನ್ (ಹೊಲಿಗೆಗೆಂದು ಅಂಚಿನಲ್ಲಿ ಬಿಡುವ ಹೆಚ್ಚುವರಿ ಜಾಗ) ಇಲ್ಲದೆ ಬರೆದುಕೊಳ್ಳಿ. ನಮ್ಮೂರಿನ ಮಳೆಗಾಲದ ಥಂಡಿಗೆ ನ್ಯೂಸ್ ಪೇಪರ್ ಮೆತ್ತಗಾಗುತ್ತದೆ, ಅಂಚು ನಿಲ್ಲುವುದಿಲ್ಲ. ಮೂಲಕ್ಕೆ ಯಾವತ್ತೂ ಕತ್ತರಿ ಹಾಕಬೇಡಿ. ಪ್ರತಿ ಸಲ ಅದನ್ನಿಟ್ಟು ಗೆರೆ ಎಳೆದ ಹೊಸ ಕಾಗದದ ಮೇಲೆ ಕೆಲಸ ಮಾಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಟಕ್ಸ್ ಇರುವುದು ಎದೆಯ ಉಬ್ಬಿಗೆ ಜಾಗ ಕೊಡಲು. ಆ ಜಾಗ ಇರಲೇಬೇಕು, ಆದರೆ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಶೋಲ್ಡರ್‌ನಿಂದ ಅಳೆದು ಎದೆಯ ತುದಿಯನ್ನು ಕಾಗದದ ಮೇಲೆ ಗುರುತು ಮಾಡಿ. ಟಕ್ಸ್‌ನ ಎರಡೂ ಗೆರೆಗಳನ್ನು ಆ ಚುಕ್ಕಿಯವರೆಗೆ ಎಳೆಯಿರಿ. ಟಕ್ಸ್ ಎಲ್ಲಿ ಬೇಕೋ ಅಲ್ಲಿಂದ, ಕತ್ತೋ ಶೋಲ್ಡರೋ ಕಂಕುಳೋ, ಚುಕ್ಕಿಗೆ ಇನ್ನೊಂದು ಗೆರೆ. ಹೊಸ ಗೆರೆಯನ್ನು ಕತ್ತರಿಸಿ, ಚುಕ್ಕಿಯ ಹತ್ತಿರ ಒಂದು ಅಕ್ಕಿಕಾಳಿನಷ್ಟು ಕಾಗದ ಬಿಡಿ. ಹಳೆ ಟಕ್ಸನ್ನು ಮಡಚಿ ಅಂಟಿಸಿ. ಹೊಸ ಗೆರೆ ಬಾಗಿಲಿನ ಹಾಗೆ ತಾನಾಗಿ ತೆರೆದುಕೊಳ್ಳುತ್ತದೆ. ಎಷ್ಟು ತೆರೆಯಬೇಕು ಅಂತ ಲೆಕ್ಕ ಹಾಕುವುದೇ ಬೇಡ. ಮೊದಲ ಸಲ ಇದನ್ನು ನೋಡಿದ ಹುಡುಗಿಯರ ಮುಖ ಅರಳುವುದನ್ನು ನೋಡಬೇಕು! ಹೊಲಿಯುವಾಗ ಮಾತ್ರ ಟಕ್ಸ್ ಚುಕ್ಕಿಗಿಂತ 1 ಇಂಚು ಹಿಂದೆಯೇ ನಿಲ್ಲಲಿ, ಇಲ್ಲದಿದ್ದರೆ ತುದಿ ಚೂಪಾಗಿ ಎದ್ದು ಕಾಣುತ್ತದೆ.

ಒಂದೇ ಉಪಾಯದಿಂದ ಎಷ್ಟು ಡಿಸೈನ್ ಬರುತ್ತದೆ ನೋಡಿ. ಕತ್ತಿನಲ್ಲಿ ತೆರೆದ ಜಾಗವನ್ನು ಟಕ್ಸ್ ಹೊಲಿಯದೆ ಸಣ್ಣ ನೆರಿಗೆ ಮಾಡಿದರೆ ಅದೊಂದು ಡಿಸೈನ್. ಗೆರೆಯನ್ನು ಕೆಳಗಿನ ಅಂಚಿನಿಂದ ನೇರ ಮೇಲಕ್ಕೆ ಚುಕ್ಕಿಯವರೆಗೆ ಕತ್ತರಿಸಿ ಪಕ್ಕದ ಟಕ್ಸ್ ಮುಚ್ಚಿದರೆ ಕೆಳಗೆ ಘೇರ್ (ಅಗಲವಾದ ಸುತ್ತು) ಬರುತ್ತದೆ, ಎ-ಲೈನ್ ಕುರ್ತಾ ಸಿದ್ಧ. ಪ್ರಿನ್ಸೆಸ್ ಕಟ್, ಅಂದರೆ ಟಕ್ಸ್ ಬದಲು ಮೇಲಿನಿಂದ ಕೆಳಗಿನವರೆಗೆ ಉದ್ದ ಹೊಲಿಗೆ, ಬೇಕಾದರೆ ಕಂಕುಳಿನಿಂದ ಚುಕ್ಕಿಯ ಮೂಲಕ ಕೆಳಗಿನ ಅಂಚಿನವರೆಗೆ ಗೆರೆ ಎಳೆದು ಮುಂಭಾಗವನ್ನು ಪೂರ್ತಿ ಎರಡು ತುಂಡು ಮಾಡಿ, ಪಕ್ಕದ ತುಂಡಿನಲ್ಲಿ ಟಕ್ಸ್ ಮುಚ್ಚಿ. ಕತ್ತರಿಸುವ ಮೊದಲೇ ಚುಕ್ಕಿಯ ಮೇಲೆ 2 ಇಂಚು, ಕೆಳಗೆ 2 ಇಂಚಿಗೆ ಎರಡೂ ಕಡೆ ಗುರುತು ಹಾಕಿಕೊಳ್ಳಿ. ಗುರುತಿಲ್ಲದೆ ಈ ಬಾಗು ಹೊಲಿಗೆ ಕೂಡುವುದಿಲ್ಲ.

ತೋಳಿನ ವಿಷಯ ಬೇರೆ. ಆಲ್ದೂರು ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡುವ ನನ್ನ ಶಿಷ್ಯೆಯೊಬ್ಬಳಿಗೆ ಕುರ್ತಾ ಚೆನ್ನಾಗಿಯೇ ಕೂರುತ್ತಿತ್ತು. ಆದರೆ ಹಣ್ಣು ಕೊಯ್ಯಲು ಕೈ ಎತ್ತಿ ರೆಂಬೆ ಬಗ್ಗಿಸಿದರೆ ಕುರ್ತಾ ಪೂರ್ತಿ ಮೇಲಕ್ಕೆ ಎಳೆಯುತ್ತಿತ್ತು. ಇಂಥವರಿಗೆ ಕಂಕುಳನ್ನು ಆಳ ಮಾಡಿದರೆ ತೊಂದರೆ ಇನ್ನೂ ಜಾಸ್ತಿ. ಅದನ್ನು ಮೈಗೆ ಹತ್ತಿರವೇ ಇಟ್ಟು, ತೋಳಿನ ತಲೆಯ (ಶೋಲ್ಡರ್‌ಗೆ ಕೂಡುವ ಮೇಲಿನ ಬಾಗಿನ) ಎತ್ತರವನ್ನು 1 ಇಂಚು ಇಳಿಸಿ, ತೋಳಿನ ಅಗಲ ಹೆಚ್ಚಿಸಿ. ತೋಳಿನ ಆ ಬಾಗಿನ ಒಟ್ಟು ಉದ್ದ ಮೊದಲಿನಷ್ಟೇ ಇರಬೇಕು, ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಅಳೆಯಿರಿ. ಅದೂ ಸಾಲದಿದ್ದರೆ ಕಂಕುಳಲ್ಲಿ 4 ಇಂಚಿನ ಚೌಕ ತುಂಡು ಕೂಡಿಸಿ. ಒಂದು ಮೂಲೆ ತೋಳಿನ ಹೊಲಿಗೆಗೆ, ಎದುರಿನ ಮೂಲೆ ಪಕ್ಕದ ಹೊಲಿಗೆಗೆ ಬರಬೇಕು. ಕೈ ಎತ್ತಿದಾಗ ಬೇಕಾಗುವ ಬಟ್ಟೆ ಅಲ್ಲಿಂದ ಸಿಗುತ್ತದೆ. ದುಡಿಯುವ ಮೈಗೆ ಹೊಂದುವ ಹಾಗೆ ಬಟ್ಟೆ ಮಾಡುವುದೂ ಡಿಸೈನೇ. ಫೋಟೊದಲ್ಲಿ ಕಾಣುವುದಷ್ಟೇ ಡಿಸೈನ್ ಅಲ್ಲ.

ಕಾಗದದ ಕೆಲಸ ಮುಗಿದ ಮೇಲೆ ಪ್ರತಿ ತುಂಡಿಗೂ ಅರ್ಧ ಇಂಚು ಮಾರ್ಜಿನ್ ಸೇರಿಸಿ. ಹೊಸದಾಗಿ ಕತ್ತರಿಸಿದ ಅಂಚುಗಳಿಗೂ ಬೇಕು, ಬಹಳ ಜನ ಮರೆಯುವುದು ಅದನ್ನೇ. ಪ್ರತಿ ತುಂಡಿನ ಮೇಲೂ ಬಟ್ಟೆಯ ಉದ್ದ ಎಳೆ ಯಾವ ಕಡೆ ಅಂತ ಬಾಣ ಹಾಕಿ.

ಒಳ್ಳೆ ಬಟ್ಟೆಗೆ ಕೈ ಹಾಕುವ ಮೊದಲು ಹಳೆ ಪಂಚೆಯಲ್ಲೋ ಬೆಡ್‌ಶೀಟಿನಲ್ಲೋ ಒಂದು ಸಲ ದೊಡ್ಡ ಹೊಲಿಗೆ ಹಾಕಿ ತೊಟ್ಟು ನೋಡಿ. ಸುಮ್ನೆ ಕನ್ನಡಿ ಮುಂದೆ ನಿಂತರೆ ಸಾಲದು. ಕೂತು, ಬಗ್ಗಿ, ಕೈ ಎತ್ತಿ ನೋಡಿ. ಎಲ್ಲಿ ಎಳೆಯುತ್ತದೋ ಅಲ್ಲಿ ಪಿನ್ ಹಾಕಿ, ಆ ತಿದ್ದುಪಡಿಯನ್ನು ತಕ್ಷಣ ಕಾಗದಕ್ಕೂ ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕತ್ತು, ತೋಳು, ಘೇರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಕಾಟನ್ ಬಟ್ಟೆಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಿ. ಆಷಾಢದಲ್ಲಿ ಇಲ್ಲಿ ಬಟ್ಟೆ ಒಣಗುವುದು ನಿಧಾನ, ಅದಕ್ಕೆ ಮೊದಲೇ ನೆನೆಹಾಕಿ.