ಟ್ರಾನ್ಸಿಸ್ಟರಿನ ಕಾಲು ಗುರುತಿಸುವುದು: ನಾನು ಮೀಟರ್ ಹಿಡಿಯುವ ಕ್ರಮ

ಉಡುಪಿಯ ನನ್ನ ರಿಪೇರಿ ಮೇಜಿನಲ್ಲಿ ಯಾವ ಟ್ರಾನ್ಸಿಸ್ಟರನ್ನೂ ಬಾಯಿಪಾಠದ ಮೇಲೆ ಬೆಸೆಯುವುದಿಲ್ಲ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಈ ಬಿಡಿಭಾಗಕ್ಕೆ ಮೂರು ಕಾಲು: ಆಳುವ ಕಾಲು ಬೇಸ್, ದೊಡ್ಡ ಕರೆಂಟ್ ಹರಿಯುವ ಎರಡು ಕಾಲು ಕಲೆಕ್ಟರ್ ಮತ್ತು ಎಮಿಟರ್. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇಟ್ಟು ನೋಡಿದರೆ ಬಿ.ಸಿ.547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅದೇ ಆಕಾರದ 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಸಿ1815ರಲ್ಲಿ ಎಮಿಟರ್, ಕಲೆಕ್ಟರ್, ಬೇಸ್. ಬೇಸ್ ನಡುವೆ ಇರುತ್ತದೆಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಇನ್ನು 2222: ಪಿ.ಎನ್.2222ಎ ಮತ್ತು ಪಿ2ಎನ್2222ಎ ಹೆಸರಿನಲ್ಲಿ ಹತ್ತಿರ, ಕಾಲಿನ ಕ್ರಮದಲ್ಲಿ ತಿರುಗುಮುರುಗು.

ಮೊದಲು ಬೇಸ್ ಹುಡುಕಬೇಕು. ಡಿಜಿಟಲ್ ಮೀಟರನ್ನು ಡಯೋಡ್ ಮೋಡಿಗೆ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಜಂಕ್ಷನ್ ಅಳೆಯುವ ಸೆಟ್ಟಿಂಗ್) ಹಾಕಿ, ಕೆಂಪು ಪ್ರೋಬನ್ನು ಒಂದು ಕಾಲಿಗೆ ಒತ್ತಿ, ಕಪ್ಪನ್ನು ಉಳಿದೆರಡಕ್ಕೆ ಸರದಿಯಲ್ಲಿ ಮುಟ್ಟಿಸಿ. ಎರಡೂ ಕಡೆ 0.6ರಿಂದ 0.7 ವೋಲ್ಟ್ ಬಂದರೆ ಕೆಂಪು ಇರುವುದೇ ಬೇಸ್, ಬೇಸಿಗೆ ಪಾಸಿಟಿವ್ ಕೊಟ್ಟಾಗ ನಡೆಯುವ ಜಾತಿ, ಅಂದರೆ ಎನ್‌ಪಿಎನ್. ಕಪ್ಪು ಒಂದೇ ಕಡೆ ನಿಂತಾಗ ಎರಡೂ ಓದಿದರೆ ಕಪ್ಪು ಇರುವುದು ಬೇಸ್, ಅದರ ಉಲ್ಟಾ ಜಾತಿ, ಪಿಎನ್‌ಪಿ. ಎ.ಸಿ.128ರಂಥ ಹಳೆಯ ಜರ್ಮೇನಿಯಂ ಆದರೆ 0.2–0.3ರ ಆಸುಪಾಸು. ಮುಳ್ಳಿನ ಮೀಟರ್ ಬಳಸುವವರು ಜಾಗ್ರತೆ: ಓಮ್ ರೇಂಜಿನಲ್ಲಿ ಅದರ ಕಪ್ಪು ವಯರೇ ಪಾಸಿಟಿವ್, ಎನ್‌ಪಿಎನ್ ಪಿಎನ್‌ಪಿಯಾಗಿ ಕಾಣುತ್ತದೆ.

ಕಷ್ಟ ಇರುವುದು ಎಮಿಟರ್ ಯಾವುದು, ಕಲೆಕ್ಟರ್ ಯಾವುದು ಎನ್ನುವಲ್ಲಿ. ಎಮಿಟರಿನಲ್ಲಿ ಡೋಪಿಂಗ್ (ಬೇಕೆಂದೇ ಬೆರೆಸಿದ ಕಲ್ಮಶ) ಹೆಚ್ಚಿರುವುದರಿಂದ ಬೇಸ್–ಎಮಿಟರ್ ಓದು ಸ್ವಲ್ಪ ಜಾಸ್ತಿ ಬರುತ್ತದೆ, ಒಂದು 0.668 ಆದರೆ ಇನ್ನೊಂದು 0.662, ಇಷ್ಟೇ ಅಂತರ. ಇದನ್ನು ಬೆರಳಲ್ಲಿ ಹಿಡಿದು ಅಳೆದರೆ ಕೆಟ್ಟಿತು. ಜಂಕ್ಷನ್ ಒಂದು ಡಿಗ್ರಿ ಬಿಸಿಯಾದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಮೂರು ಡಿಗ್ರಿಯಲ್ಲಿ ಆ ಅಂತರವೇ ಮಾಯ. ಮೇಜಿನ ಮೇಲಿಟ್ಟು, ಒಂದೆರಡು ನಿಮಿಷ ತಣಿಯಲು ಬಿಟ್ಟು, ಕ್ರೊಕೊಡೈಲ್ ಕ್ಲಿಪ್ ಹಾಕಿ ಅಳೆಯಿರಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಹಳೆಯ ಕಾಲುಗಳು ಕಪ್ಪಾಗಿರುತ್ತವೆ. ಬ್ಲೇಡಿನಿಂದ ಹೆರೆಯದೆ ಇಟ್ಟರೆ ಓದು ಕುಣಿಯುತ್ತಲೇ ಉಂಟು.

ನನಗೆ ಹೆಚ್ಚು ನಂಬಿಕೆ ಎಚ್‌ಎಫ್‌ಇ ಸಾಕೆಟ್ ಮೇಲೆ, ಅಂದರೆ ಗೇನನ್ನು (ಕರೆಂಟ್ ಎಷ್ಟು ಪಟ್ಟು ಹೆಚ್ಚುತ್ತದೆಂದು) ತೋರಿಸುವ ಮೀಟರಿನ ತೂತುಗಳ ಮೇಲೆ. ಬೇಸ್ ಅದರ ಜಾಗದಲ್ಲಿರಲಿ, ಉಳಿದೆರಡನ್ನು ಅದಲು ಬದಲು ಮಾಡಿ ಎರಡು ಸಲ ಓದಿ. 547ಬಿ ಸರಿಯಾಗಿ ಕೂತರೆ 200–450, ತಿರುಗಿ ಕೂತರೆ ಬಹಳ ಕಡಿಮೆ. ಹೆಚ್ಚು ಬಂದ ಜೋಡಣೆಯೇ ಸರಿ. ದಪ್ಪ ಕಾಲಿನವು ಸಾಕೆಟಿಗೆ ಇಳಿಯದಿದ್ದರೆ ಒಂಟಿ ಎಳೆಯ ತಂತಿಯ ತುಂಡುಗಳಿಂದ ಜೋಡಿಸಿದರೆ ಸಾಕು.

ಎಮಿಟರ್, ಕಲೆಕ್ಟರ್ ತಿರುಗಿಸಿ ಬೆಸೆದರೆ ತಕ್ಷಣ ಸುಡುವುದಿಲ್ಲ, ಅದೇ ಅಪಾಯ. ಗೇನ್ ಬಿದ್ದು 12 ವೋಲ್ಟಿನ ರಿಲೇ (ಕಾಯಿಲಿನ ಕಾಂತದಿಂದ ನಡೆಯುವ ಸ್ವಿಚ್) ಎಳೆಯುವುದಿಲ್ಲ. 547ರ ಎಮಿಟರ್–ಬೇಸ್ ಉಲ್ಟಾ ತಡೆಯುವ ಮಿತಿ 6 ವೋಲ್ಟ್ ಮಾತ್ರ. ರಿಲೇ ಕಾಯಿಲಿನ ಮೂಲಕ 12 ವೋಲ್ಟ್ ಬಂದಾಗ ಜಂಕ್ಷನ್ ಒಡೆದು, ಕರೆಂಟ್ ಬೇಸಿನಿಂದ ಹಿಂದಕ್ಕೆ, ಬೇಸನ್ನು ನಡೆಸುವ ಕಂಟ್ರೋಲರ್ ಚಿಪ್ಪಿನ ಕಡೆ ಹರಿಯುತ್ತದೆ.

ಟಿ.ಐ.ಪಿ.122ರಲ್ಲಿ ಅಕ್ಷರ ಇರುವ ಮುಖದಿಂದ ಬೇಸ್, ಕಲೆಕ್ಟರ್, ಎಮಿಟರ್. ಬೆನ್ನಿನ ಲೋಹವೂ ಕಲೆಕ್ಟರ್. ಇದು ಡಾರ್ಲಿಂಗ್ಟನ್ (ಒಂದೇ ಮೈಯೊಳಗೆ ಎರಡು ಟ್ರಾನ್ಸಿಸ್ಟರಿನ ಜೋಡಿ), ಒಳಗೇ ಎಮಿಟರಿನಿಂದ ಕಲೆಕ್ಟರಿಗೆ ಒಂದು ಡಯೋಡ್ ಉಂಟು. ಹಾಗಾಗಿ ಕಲೆಕ್ಟರ್–ಎಮಿಟರ್ ನಡುವೆ ಮೂರನೆಯ ಓದು ಬಂದರೆ ಕೆಟ್ಟಿದೆಯೆಂದು ಬಿಸಾಡಬೇಡಿ. ಆಂಪ್ಲಿಫಯರಿನ 2ಎನ್3055ಕ್ಕೆ ಎರಡೇ ಕಾಲು, ಮೈಯೇ ಕಲೆಕ್ಟರ್. ಕರೆಂಟ್ ತಡೆಯುವ ಮೈಕಾ ಹಾಳೆ ಹಾಕಿ ಸ್ಕ್ರೂ ಬಿಗಿದ ಮೇಲೆ ಮೈಗೂ ಬಿಸಿ ಹೀರುವ ಹೀಟ್ ಸಿಂಕಿಗೂ ನಡುವೆ ಮೀಟರಿನ ಬೀಪ್ ಬರಬಾರದು.

ಬೋರ್ಡಿನಲ್ಲಿದ್ದಂತೆಯೇ ಅಳೆದರೆ ಪಕ್ಕದ ರೆಸಿಸ್ಟರ್, ಕಾಯಿಲ್ ಸುಳ್ಳು ಹೇಳುತ್ತವೆ. ಕನಿಷ್ಠ ಎರಡು ಕಾಲು ಬಿಡಿಸಿ. ಬಿ.ಸಿ.847ರಂಥ, ಬೋರ್ಡಿನ ಮೈಮೇಲೆಯೇ ಬೆಸೆಯುವ ಚಿಕ್ಕ ಎಸ್‌ಎಂಡಿಯನ್ನು ಒಂಟಿ ಕಾಲು ಮೇಲೆ ಬರುವಂತೆ ನೋಡಿ: ಒಂಟಿ ಕಾಲು ಕಲೆಕ್ಟರ್, ಕೆಳಗೆ ಎಡಕ್ಕೆ ಬೇಸ್, ಬಲಕ್ಕೆ ಎಮಿಟರ್. ಪ್ರೋಬಿನ ತುದಿಗೆ ಹೊಲಿಗೆ ಸೂಜಿ ಕಟ್ಟಿಕೊಂಡರೆ ಪಕ್ಕದ ಕಾಲಿಗೆ ತಾಗುವುದಿಲ್ಲ.